ಒಂದು ಗಳಿಗೆಯ ಲಾಗಿನ್: ಸೆಷನ್ ಮುಗಿಯುವ ಹೊತ್ತಿನ ಚರಿತ್ರೆ

ಕಳೆದ ಯುಗಾದಿ ಸಂಚಿಕೆಗೆಂದು ಕ್ಯಾನಿಂಗ್ ವೇಲ್‌ನಲ್ಲಿ ನೆಲೆಸಿರುವ ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರು ಅಗಲಿದ ತಮ್ಮ ಪತಿಯನ್ನು ಕುರಿತು ಸ್ಮರಣ ಲೇಖನವೊಂದನ್ನು ಬರೆಯಲು ಕುಳಿತರು. ಸಂಘದ ಜಾಲತಾಣಕ್ಕೆ ಲಾಗಿನ್ ಆಗಿ, ಬರಹ ಸಲ್ಲಿಸುವ ಪುಟವನ್ನು ತೆರೆದು, ಅಲ್ಲಿದ್ದ ಚೌಕದಲ್ಲಿಯೇ ಕನ್ನಡದಲ್ಲಿ ನಿಧಾನವಾಗಿ ಅಕ್ಷರ ಜೋಡಿಸುತ್ತ ಹೋದರು. ನಡುವೆ ಒಮ್ಮೆ ಎದ್ದು ದೀಪ ಹಚ್ಚಿ ಬಂದರು. ಒಮ್ಮೆ ಊರಿನಿಂದ ಬಂದ ದೂರವಾಣಿ ಕರೆಗೆ ಉತ್ತರಿಸಿದರು. ಒಂದೂವರೆ ಗಂಟೆಯ ಬಳಿಕ 'ಸಲ್ಲಿಸಿ' ಎಂಬ ಗುಂಡಿಯನ್ನು ಒತ್ತಿದಾಗ ಎದುರಿಗೆ ಬಂದದ್ದು ಲಾಗಿನ್ ಪುಟ. ಹೆಸರು, ಗುಪ್ತಪದಗಳನ್ನು ಮತ್ತೆ ಕೊಟ್ಟು ಒಳಗೆ ಹೋದರೆ ಚೌಕ ಖಾಲಿಯಾಗಿತ್ತು.

ಜಾಲತಾಣವನ್ನು ನೋಡಿಕೊಳ್ಳುವ ಸ್ವಯಂಸೇವಕರಾದ ನಾವು ಮೊದಲು ಹೇಳಿದ ಮಾತು, ಹೇಳಬಾರದಾಗಿದ್ದ ಮಾತು: "ಆಗಾಗ ಉಳಿಸಿಕೊಳ್ಳಬೇಕಿತ್ತು." ಆ ಪುಟದಲ್ಲಿ ಉಳಿಸಿಕೊಳ್ಳುವ ಗುಂಡಿಯೇ ಇರಲಿಲ್ಲವೆಂಬುದು ಆಮೇಲೆ ನೆನಪಾಯಿತು. ನಮ್ಮಲ್ಲಿ ಮೂವರು ಹಗಲು ಹೊತ್ತು ತಂತ್ರಾಂಶ ಬರೆದೇ ಅನ್ನ ಉಣ್ಣುವವರು. ಆದುದರಿಂದ ನಾಚಿಕೆ ಇನ್ನಷ್ಟು ಹೆಚ್ಚಾಯಿತು. ಸರ್ವರಿನ ಸಂರಚನಾ ಕಡತವನ್ನು ತೆರೆದು ನೋಡಿದಾಗ ಅಲ್ಲಿ 1440 ಎಂಬ ಒಂದು ಸಂಖ್ಯೆ ಕುಳಿತಿತ್ತು. ಅದನ್ನು ನಮ್ಮಲ್ಲಿ ಯಾರೂ ಬರೆದಿರಲಿಲ್ಲ. ಯಾರೂ ಆರಿಸಿರಲೂ ಇಲ್ಲ. ಆ ಸಂಖ್ಯೆಯ ಹಿಂದೆ ಹೋದ ಪ್ರಯಾಣವೇ ಈ ಲೇಖನ.

1440 ಸೆಕೆಂಡುಗಳೆಂದರೆ 24 ನಿಮಿಷ. ಕನ್ನಡಿಗರಿಗೆ ಈ ಅಳತೆ ಹೊಸದಲ್ಲ. ಹಗಲು ರಾತ್ರಿಗಳನ್ನು ಕೂಡಿಸಿ 60 ಭಾಗ ಮಾಡಿದರೆ ಒಂದು ಭಾಗಕ್ಕೆ ಗಳಿಗೆಯೆಂದು ಹೆಸರು. ಅದು ಸರಿಯಾಗಿ 24 ನಿಮಿಷ. ತಳದಲ್ಲಿ ಸೂಕ್ಷ್ಮ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗಿದಾಗ ಒಂದು ಗಳಿಗೆ ಕಳೆಯಿತೆಂದು ಎಣಿಸುವ ಕ್ರಮವನ್ನು ಸೂರ್ಯಸಿದ್ಧಾಂತವೇ ಹೇಳುತ್ತದೆ. ಮದುವೆಯ ಮನೆಗಳಲ್ಲಿ ಮುಹೂರ್ತಕ್ಕಾಗಿ ಗಳಿಗೆ ಬಟ್ಟಲನ್ನು ಇಟ್ಟು ಕಾಯುತ್ತಿದ್ದರು. ಪಿಎಚ್‌ಪಿ ಎಂಬ ಜಾಲತಾಣ ಭಾಷೆಯನ್ನು ಕಟ್ಟಿದವರು ಗಳಿಗೆಯನ್ನು ನೆನೆದು ಈ ಸಂಖ್ಯೆಯನ್ನು ಇಟ್ಟರೆಂದು ನಾವು ಹೇಳುತ್ತಿಲ್ಲ. ಇದು ಶುದ್ಧ ಕಾಕತಾಳೀಯ. ಆದರೂ ಸಂಘದ ಸರ್ವರಿನಲ್ಲಿ ವರ್ಷಾನುಗಟ್ಟಲೆ ಒಂದು ಗಳಿಗೆ ಬಟ್ಟಲು ಯಾರಿಗೂ ಕಾಣದಂತೆ ಮುಳುಗುತ್ತಲೇ ಇತ್ತೆಂಬ ಯೋಚನೆ ನಮ್ಮನ್ನು ಬಿಡಲಿಲ್ಲ.

'ಸೆಷನ್' ಎಂಬ ಪದವನ್ನು ಕನ್ನಡಕ್ಕೆ ತರುವವರು 'ಅಧಿವೇಶನ' ಎಂದು ಬರೆಯುವುದುಂಟು. ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನವೇ ಕಣ್ಣಮುಂದೆ ಬರುವುದರಿಂದ ನಾವು ಸೆಷನ್ ಎಂದೇ ಬರೆಯುತ್ತೇವೆ. ಲಾಗಿನ್ ಆದ ಕ್ಷಣದಿಂದ ಹೊರಬರುವ ಕ್ಷಣದವರೆಗೆ ಯಂತ್ರವು ನಮ್ಮ ಗುರುತನ್ನು ಹಿಡಿದಿಟ್ಟುಕೊಂಡಿರುವ ಅವಧಿಗೆ ಆ ಹೆಸರು. ಅವಧಿಯ ಆರಂಭ ಸ್ಪಷ್ಟ: ಗುಪ್ತಪದ ಕೊಟ್ಟ ಗಳಿಗೆ. ಕೊನೆ ಯಾವುದೆಂಬುದೇ ಅರುವತ್ತು ವರ್ಷಗಳಿಂದ ಬಗೆಹರಿಯದ ಪ್ರಶ್ನೆ.

ಮೊದಲಿಗೆ ಆ ಪ್ರಶ್ನೆ ಭದ್ರತೆಯದಾಗಿರಲಿಲ್ಲ, ಹಂಚಿಕೆಯದಾಗಿತ್ತು. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರ ನವೆಂಬರಿನಲ್ಲಿ ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಕೋಣೆಯಷ್ಟು ದೊಡ್ಡದಾದ ಒಂದೇ ಗಣಕಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡು ಅದು. ಯಾರ ಕಡತ ಯಾರದೆಂದು ತಿಳಿಯಲು, ಯಾರು ಎಷ್ಟು ಹೊತ್ತು ಬಳಸಿದರೆಂದು ಲೆಕ್ಕವಿಡಲು ಲಾಗಿನ್ ಮತ್ತು ಗುಪ್ತಪದಗಳು ಬೇಕಾದವು. ಸಂಶೋಧಕ ವಿದ್ಯಾರ್ಥಿಯಾಗಿದ್ದ ಆಲನ್ ಶೆರ್ ಅವರಿಗೆ ವಾರಕ್ಕೆ ದೊರೆಯುತ್ತಿದ್ದುದು ನಾಲ್ಕು ಗಂಟೆಗಳು. ಅವರಿಗೆ ಅದು ಸಾಲದು. 1962ರಲ್ಲಿ ಅವರು ಗುಪ್ತಪದಗಳ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ರಂಧ್ರಪತ್ರದ ಮೂಲಕ ಕೋರಿಕೆ ಸಲ್ಲಿಸಿದರು, ಯಂತ್ರ ಮುದ್ರಿಸಿಕೊಟ್ಟಿತು. ಗುಪ್ತಪದದ ಮೊದಲ ಕಳವು ಹಣಕ್ಕಾಗಿ ನಡೆದದ್ದಲ್ಲ, ಹೊತ್ತಿಗಾಗಿ ನಡೆದದ್ದು ಎಂಬುದು ನಮಗೆ ಈ ಚರಿತ್ರೆಯ ಅತ್ಯಂತ ಮಾನವೀಯ ಪುಟವಾಗಿ ಕಾಣುತ್ತದೆ.

ಆ ಕಾಲದ ಸೆಷನ್ನಿಗೆ ಒಂದು ಭೌತಿಕ ದೇಹವಿತ್ತು. ಬೆರಳಚ್ಚು ಯಂತ್ರದಂತಹ ಟರ್ಮಿನಲ್ಲಿನಿಂದ ಗಣಕಕ್ಕೆ ತಂತಿಯೊಂದು ಹೋಗುತ್ತಿತ್ತು. ಹಲವೆಡೆ ಅದು ದೂರವಾಣಿ ತಂತಿಯೇ ಆಗಿತ್ತು. ಫೋನನ್ನು ಕೆಳಗಿಟ್ಟರೆ ಸೆಷನ್ ಮುಗಿಯಿತು. ಯುನಿಕ್ಸ್ ವ್ಯವಸ್ಥೆಯಲ್ಲಿ ಇಂದಿಗೂ 'ಹ್ಯಾಂಗಪ್' ಎಂಬ ಸಂಕೇತವೊಂದಿದೆ; ತಂತಿ ಕಡಿದುದನ್ನು ಕಾರ್ಯಕ್ರಮಗಳಿಗೆ ತಿಳಿಸಲು ಹುಟ್ಟಿದ ಸಂಕೇತ ಅದು. ತಂತಿಯೂ ಫೋನೂ ಮರೆಯಾದರೂ ಹೆಸರು ಮಾತ್ರ ಉಳಿದಿದೆ. ಟರ್ಮಿನಲ್ಲನ್ನು ತೆರೆದೇ ಬಿಟ್ಟು ಕಾಫಿಗೆ ಎದ್ದುಹೋದವರ ಸಲುವಾಗಿ, ಇಷ್ಟು ಹೊತ್ತು ಯಾವ ಗುಂಡಿಯನ್ನೂ ಒತ್ತದಿದ್ದರೆ ತಾನಾಗಿಯೇ ಹೊರಹಾಕುವ ಏರ್ಪಾಡು ಯುನಿಕ್ಸಿನ ಶೆಲ್ಲುಗಳಿಗೆ ಸೇರಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಶೆಲ್ಲಿನಲ್ಲಿ ಕುಳಿತವರ ಪ್ರತಿಯೊಂದು ಸಾಲೂ ಯಂತ್ರಕ್ಕೆ ತಲುಪುತ್ತಿತ್ತು. ಮನುಷ್ಯ ಸುಮ್ಮನಿದ್ದಾನೆಯೋ ಕೆಲಸ ಮಾಡುತ್ತಿದ್ದಾನೆಯೋ ಎಂಬುದು ಅದಕ್ಕೆ ಬಹುಮಟ್ಟಿಗೆ ಗೊತ್ತಾಗುತ್ತಿತ್ತು. ಈ ಅನುಕೂಲವನ್ನು ಜಾಲವು ಕಳೆದುಕೊಂಡಿತು.

ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಸರ್ನ್ ಸಂಸ್ಥೆಯಲ್ಲಿ ಜಾಲದ ಕಲ್ಪನೆಯನ್ನು ಮುಂದಿಟ್ಟು, ಮುಂದಿನ ಎರಡು ವರ್ಷಗಳಲ್ಲಿ ಅದನ್ನು ಕಟ್ಟಿ ನಿಲ್ಲಿಸಿದಾಗ ಅವರ ಗುರಿ ವಿಜ್ಞಾನಿಗಳ ನಡುವೆ ದಾಖಲೆಗಳ ವಿನಿಮಯ. ಪುಟವನ್ನು ಕೇಳು, ಪುಟವನ್ನು ಪಡೆ, ತಂತಿಯನ್ನು ಬಿಡು: ಎಚ್‌ಟಿಟಿಪಿಯ ನಡವಳಿಕೆ ಇಷ್ಟೇ. ಎರಡನೆಯ ಪುಟವನ್ನು ಕೇಳುವವನು ಮೊದಲನೆಯದನ್ನು ಕೇಳಿದವನೇ ಎಂಬ ನೆನಪು ಸರ್ವರಿಗೆ ಇರುವುದಿಲ್ಲ. ದಾಖಲೆ ಓದುವವರಿಗೆ ಇದು ಕೊರತೆಯಲ್ಲ. ಆ ಮರೆವೇ ಜಾಲವನ್ನು ಹಗುರಗೊಳಿಸಿ ಲೋಕವೆಲ್ಲ ಹಬ್ಬುವಂತೆ ಮಾಡಿತು. ಆದರೆ ಅಂಗಡಿ ಇಡುವವರಿಗೆ ಮರೆಗುಳಿ ಗುಮಾಸ್ತನಿಂದ ಪ್ರಯೋಜನವಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಯುವ ತಂತ್ರಜ್ಞ ಲೂ ಮೊಂಟುಲಿ, ಗ್ರಾಹಕನ ಬುಟ್ಟಿಯಲ್ಲಿ ಏನಿದೆಯೆಂಬುದನ್ನು ನೆನಪಿಡುವ ಉಪಾಯವಾಗಿ ಕುಕಿಯನ್ನು ರೂಪಿಸಿದರು. ಸರ್ವರು ಒಂದು ಚೀಟಿ ಬರೆದುಕೊಡುತ್ತದೆ. ಬ್ರೌಸರು ಪ್ರತಿ ಸಲವೂ ಆ ಚೀಟಿಯನ್ನು ತೋರಿಸುತ್ತದೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಪಡೆಯುವ ಟೋಕನ್ನಿನಂತೆ: ಟೋಕನ್ನಿನಲ್ಲಿ ಚಪ್ಪಲಿಯಿಲ್ಲ, ಚಪ್ಪಲಿಯ ಸಂಖ್ಯೆ ಮಾತ್ರ ಇದೆ.

ಚೀಟಿಗೆ ಆಯುಷ್ಯ ಎಷ್ಟು? ಮೂಲ ಏರ್ಪಾಡಿನಲ್ಲಿ ಎರಡು ಬಗೆಯಿತ್ತು. ದಿನಾಂಕವನ್ನು ಬರೆದಿದ್ದರೆ ಆ ದಿನಾಂಕದವರೆಗೆ. ಬರೆಯದಿದ್ದರೆ ಬ್ರೌಸರನ್ನು ಮುಚ್ಚುವವರೆಗೆ. ದಿನಾಂಕವನ್ನು ಗ್ರೀನಿಚ್ ಕಾಲದಲ್ಲಿಯೇ ಬರೆಯಬೇಕಿತ್ತು. ಇದರ ಅಗತ್ಯವನ್ನು ಆಸ್ಟ್ರೇಲಿಯದ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ನಡು ಮಧ್ಯಾಹ್ನ 12 ಆದಾಗ ಪರ್ತ್‌ನಲ್ಲಿ 2.30, ಬ್ರಿಸ್ಬೇನ್‌ನಲ್ಲಿ 4.30, ಅಡಿಲೇಡ್‌ನಲ್ಲಿ ಚಳಿಗಾಲದಲ್ಲಿ 4, ಬೇಸಿಗೆಯಲ್ಲಿ 5. (ಗಡಿಯಾರವನ್ನು ಮುಂದೆ ತಿರುಗಿಸುವ ಪ್ರಸ್ತಾವವನ್ನು 1975, 1984, 1992, 2009ರ ನಾಲ್ಕು ಜನಮತಗಣನೆಗಳಲ್ಲಿಯೂ ತಿರಸ್ಕರಿಸಿದ ರಾಜ್ಯ ನಮ್ಮದು, ಊರಿಗೆ ಫೋನು ಮಾಡುವಾಗ ಲೆಕ್ಕ ತಪ್ಪದಿರುವುದಕ್ಕೆ ಅದೇ ಕಾರಣ.) ಗ್ರೀನಿಚ್ ಕಾಲವೂ ತೊಂದರೆಯನ್ನು ಪೂರ್ತಿ ನೀಗಲಿಲ್ಲ, ಏಕೆಂದರೆ ಮನೆಯ ಗಣಕದ ಗಡಿಯಾರವೇ ತಪ್ಪಿದ್ದರೆ ಚೀಟಿ ಅಕಾಲದಲ್ಲಿ ಸಾಯುತ್ತಿತ್ತು, ಇಲ್ಲವೇ ಸಾಯಲೇಬೇಕಾದಾಗ ಬದುಕಿರುತ್ತಿತ್ತು. ಡೇವಿಡ್ ಕ್ರಿಸ್ಟಲ್ ಮತ್ತು ಮೊಂಟುಲಿ ಸೇರಿ 1997ರ ಫೆಬ್ರವರಿಯಲ್ಲಿ ಪ್ರಕಟಿಸಿದ ಮೊದಲ ಕುಕಿ ಮಾನದಂಡವು ಇಂತಿಷ್ಟು ಸೆಕೆಂಡುಗಳೆಂಬ ಎಣಿಕೆಯನ್ನು ಮುಂದಿಟ್ಟಿತು. ಪಂಚಾಂಗ ಬಿಟ್ಟು ಬಟ್ಟಲಿಗೆ ಬಂದಂತಾಯಿತು.

ಆದರೆ ಬ್ರೌಸರಿನಲ್ಲಿರುವ ಚೀಟಿಯ ಆಯುಷ್ಯವೇ ಬೇರೆ, ಸರ್ವರಿನಲ್ಲಿರುವ ಖಾತೆಪುಸ್ತಕದ ಆಯುಷ್ಯವೇ ಬೇರೆ. ಚೀಟಿ ಕೈಯಲ್ಲಿದ್ದೂ ಪುಸ್ತಕದಿಂದ ಹೆಸರು ಹರಿದುಹೋಗಿರಬಹುದು. ಪುಸ್ತಕವನ್ನು ಎಷ್ಟು ಹೊತ್ತು ಇಡಬೇಕೆಂಬುದಕ್ಕೆ ಒಂದೊಂದು ತಂತ್ರಾಂಶ ಒಂದೊಂದು ಉತ್ತರ ಕೊಟ್ಟಿತು. ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್‌ನಲ್ಲಿ 20 ನಿಮಿಷ. ಜಾವಾ ಲೋಕದ ಟಾಮ್‌ಕ್ಯಾಟ್‌ನಲ್ಲಿ 30 ನಿಮಿಷ. 2000ದ ಮೇ ತಿಂಗಳಲ್ಲಿ ಬಂದ ಪಿಎಚ್‌ಪಿ ನಾಲ್ಕನೆಯ ಆವೃತ್ತಿಯು ಸೆಷನ್ನುಗಳನ್ನು ಭಾಷೆಯೊಳಕ್ಕೇ ತಂದಿತು, ಅದರ ಗಳಿಗೆ 24 ನಿಮಿಷ. ಇವು ಯಾವುವೂ ಮನುಷ್ಯನೊಬ್ಬನಿಗೆ ಒಂದು ಅರ್ಜಿ ತುಂಬಲು ಎಷ್ಟು ಹೊತ್ತು ಬೇಕೆಂದು ಅಳೆದು ಇಟ್ಟ ಸಂಖ್ಯೆಗಳಲ್ಲ. ಸ್ಮರಣಶಕ್ತಿ ದುಬಾರಿಯಾಗಿದ್ದ ಕಾಲದಲ್ಲಿ ಸರ್ವರಿನ ಹೊರೆಯನ್ನು ಇಳಿಸುವ ಯೋಚನೆಯೇ ಅವುಗಳ ಹಿಂದೆ ಹೆಚ್ಚಾಗಿತ್ತೆಂದು ನಮ್ಮ ಅಭಿಪ್ರಾಯ. ಪಿಎಚ್‌ಪಿಯ ಆ ಆಯ್ಕೆಯ ಹೆಸರಿನಲ್ಲಿಯೇ ಅದಕ್ಕೆ ಸಾಕ್ಷ್ಯವಿದೆ: ಅದು ಭದ್ರತೆಯ ಮಾತನ್ನು ಎತ್ತುವುದಿಲ್ಲ, ಕಸ ಗುಡಿಸುವ ಮಾತನ್ನು ಎತ್ತುತ್ತದೆ.

ಈ ಕಸ ಗುಡಿಸುವಿಕೆಯ ರೀತಿ ತಿಳಿದಾಗಲೇ ನಮ್ಮ ಸಂಘದ ತಪ್ಪಿನ ಗುಟ್ಟೂ ಬಯಲಾದದ್ದು. 24 ನಿಮಿಷ ಕಳೆದೊಡನೆ ಪಿಎಚ್‌ಪಿ ಸೆಷನ್ನನ್ನು ಅಳಿಸುವುದಿಲ್ಲ. ಅಳಿಸಲು ಯೋಗ್ಯವೆಂದು ಭಾವಿಸುತ್ತದೆ, ಅಷ್ಟೆ. ಯಾರಾದರೂ ಪುಟವೊಂದನ್ನು ತೆರೆದಾಗ, ನೂರಕ್ಕೆ ಒಂದರ ಸಂಭವದಲ್ಲಿ, ಪೊರಕೆ ಹೊರಬಂದು ಅವಧಿ ಮೀರಿದ್ದನ್ನೆಲ್ಲ ಗುಡಿಸುತ್ತದೆ. ನಮ್ಮದು ಜನಸಂಚಾರ ಕಡಿಮೆಯಿರುವ ತಾಣ. ಮಾಮೂಲಿ ವಾರದಲ್ಲಿ ಗಂಟೆಗೆ ಬೆರಳೆಣಿಕೆಯ ಮಂದಿ ಬಂದುಹೋಗುತ್ತಾರೆ; ಪೊರಕೆ ಮೂಲೆಯಲ್ಲೇ ಇರುತ್ತದೆ; ಎರಡು ಮೂರು ಗಂಟೆಯ ಹಳೆಯ ಸೆಷನ್ನೂ ಜೀವದಿಂದಿರುತ್ತದೆ. ನಾವು ಎಷ್ಟು ಸಲ ಪರೀಕ್ಷಿಸಿದರೂ ದೋಷ ಸಿಕ್ಕದಿದ್ದುದಕ್ಕೆ ಕಾರಣ ಇದು. ಯುಗಾದಿಯ ವಾರದಲ್ಲಿ ಸದಸ್ಯತ್ವದ ನವೀಕರಣಕ್ಕೂ ಹಬ್ಬದೂಟದ ಟಿಕೆಟ್ಟಿಗೂ ಜನ ಮುಗಿಬಿದ್ದರು. ಪೊರಕೆ ಮತ್ತೆ ಮತ್ತೆ ಬೀಸಿತು. ಹಬ್ಬದ ಸಡಗರವೇ ಆ ಸ್ಮರಣ ಲೇಖನವನ್ನು ಗುಡಿಸಿಹಾಕಿತ್ತು.

ಇನ್ನೊಂದು ಸಂಗತಿ. ಆಕೆ ಒಂದೂವರೆ ಗಂಟೆ ಎಡೆಬಿಡದೆ ಕೆಲಸ ಮಾಡುತ್ತಿದ್ದರು. ಸರ್ವರಿನ ದೃಷ್ಟಿಯಲ್ಲಿ ಆಕೆ ಒಂದೂವರೆ ಗಂಟೆ ಏನನ್ನೂ ಮಾಡಿರಲಿಲ್ಲ. ಬ್ರೌಸರಿನ ಚೌಕದಲ್ಲಿ ಒತ್ತಿದ ಅಕ್ಷರಗಳು 'ಸಲ್ಲಿಸಿ' ಎನ್ನುವವರೆಗೆ ಮನೆಯ ಗಣಕದಲ್ಲಿಯೇ ಇರುತ್ತವೆ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಸಲ್ಲಿಸುವವನಿಗೆ ಇದು ಅರಿವಿಗೇ ಬಾರದು. ಕನ್ನಡದ ಬರವಣಿಗೆಗೆ ಹೊತ್ತು ಹೆಚ್ಚು ಬೇಕು. 'ಸ್ತ್ರೀ' ಎಂಬ ಒಂದು ಅಕ್ಷರವು ಯೂನಿಕೋಡಿನಲ್ಲಿ ಆರು ಸಂಕೇತಗಳ ಸರಣಿ. ಕಲಿತು ಎಷ್ಟೋ ಕಾಲವಾದ ಕೀಲಿಮಣೆಯಲ್ಲಿ ಅದನ್ನು ಹುಡುಕಿ ಒತ್ತುವ ಎಪ್ಪತ್ತು ದಾಟಿದ ಬೆರಳುಗಳಿಗೆ 24 ನಿಮಿಷ ಒಂದು ಕಂಡಿಕೆಗೂ ಸಾಲದು. ನಮ್ಮಲ್ಲಿ ಹಲವರಿಗೆ ಹಳೆಯ ರೂಢಿಯೊಂದು ನೆನಪಿದೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಬಿಡುಗಡೆ ಮಾಡಿದ 'ಬರಹ' ತಂತ್ರಾಂಶದಲ್ಲಿ ಮೊದಲು ಬರೆದು, ಆಮೇಲೆ ಜಾಲದ ಪುಟಕ್ಕೆ ಅಂಟಿಸುತ್ತಿದ್ದೆವು. ಬ್ರೌಸರಿನಲ್ಲಿ ನೇರವಾಗಿ ಕನ್ನಡ ಮೂಡದಿದ್ದ ಕಾಲದ ಅನಿವಾರ್ಯ ಅದು. ಆದರೆ ಅದೇ ಅನಿವಾರ್ಯವು ನಮ್ಮ ಬರಹಗಳನ್ನು ಎಷ್ಟೋ ಸಲ ಕಾಪಾಡಿರಬೇಕು. ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಅಕ್ಷರಗಳು ಬಂದು, ನೇರವಾಗಿ ಚೌಕದಲ್ಲಿಯೇ ಬರೆಯುವ ಸೌಕರ್ಯವು ಬರಬರುತ್ತ ಒದಗಿದಾಗ ಆ ಕಾವಲು ತಪ್ಪಿತು.

ಹಾಗಾದರೆ ಸೆಷನ್ನನ್ನು ಮುಗಿಸುವುದೇ ಬೇಡವೇ? ಬೇಕು, ಏಕೆ ಬೇಕೆಂಬುದಕ್ಕೆ ಬೆಂಗಳೂರಿನ ನೆನಪೇ ಸಾಕು. ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಮರುವರ್ಷ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅದು ಸೈಬರ್ ಕೆಫೆಯೂ ಆಗಿತ್ತು. ಅದೇ 1996ರ ಜುಲೈಯಲ್ಲಿ, ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯ ತಮ್ಮ ಗೆಳೆಯನೊಡನೆ ಹಾಟ್‌ಮೇಲನ್ನು ಆರಂಭಿಸಿದರು. ಯಾವ ಊರಿನ ಯಾವ ಗಣಕದಿಂದಲಾದರೂ ತನ್ನ ಅಂಚೆ ಓದಬಹುದೆಂಬುದೇ ಅದರ ಆಕರ್ಷಣೆ. ಸ್ವಂತ ಗಣಕವಿಲ್ಲದ ನಾವು ಜಯನಗರದಿಂದ ಮಲ್ಲೇಶ್ವರದವರೆಗೆ, ಆಮೇಲೆ ತುಮಕೂರು ಶಿವಮೊಗ್ಗಗಳವರೆಗೆ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಆ ಇಕ್ಕಟ್ಟಿನ ಪೆಟ್ಟಿಗೆಗಳಲ್ಲಿ ಕುಳಿತವರು. ಗಂಟೆ ಮುಗಿದೊಡನೆ ಅವಸರದಲ್ಲಿ ಎದ್ದು ಹೋದವನ ಅಂಚೆಪೆಟ್ಟಿಗೆ ಮುಂದಿನವನಿಗೆ ತೆರೆದೇ ಸಿಗುತ್ತಿತ್ತು. ವಿದೇಶದ ವಿಶ್ವವಿದ್ಯಾಲಯಗಳಿಂದ ಬಂದ ಪ್ರವೇಶಪತ್ರಗಳನ್ನು, ಮದುವೆಯ ಮಾತುಕತೆಗಳನ್ನು ನಾವು ಹೀಗೆ ಅಪರಿಚಿತರ ಎದುರು ಬಿಟ್ಟು ಬಂದದ್ದುಂಟು. ಆಗ 20 ನಿಮಿಷಕ್ಕೆ ಮುಗಿಯುವ ಸೆಷನ್ ಯಾರಿಗೂ ಕ್ರೂರವೆನಿಸುತ್ತಿರಲಿಲ್ಲ.

ಸೆಷನ್ ಎಂದರೆ ಹೊಣೆ ಎಂಬ ಅರ್ಥವನ್ನು ಕರ್ನಾಟಕದಲ್ಲಿ ಹಳ್ಳಿಹಳ್ಳಿಗೂ ಮುಟ್ಟಿಸಿದ್ದು ಭೂಮಿ ಯೋಜನೆ. ಈ ಪ್ರಸಂಗದ ಮೇಲೆ ನಾವು ಸ್ವಲ್ಪ ಹೊತ್ತು ನಿಲ್ಲಬಯಸುತ್ತೇವೆ, ಏಕೆಂದರೆ ಇಲ್ಲಿರುವ ನಮ್ಮಲ್ಲಿ ಅನೇಕರ ಮನೆಯ ಜಮೀನಿನ ಪಹಣಿ ಇಂದು ಅದರ ಮೂಲಕವೇ ಬರುತ್ತದೆ. ಮೊದಲು ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ ರಾಜ್ಯದ ಜಮೀನಿನ ಹಕ್ಕು ಅಡಗಿತ್ತು. ಅದನ್ನು ಗಣಕಕ್ಕೆ ಏರಿಸುವ ಕೆಲಸವನ್ನು ಕಂದಾಯ ಇಲಾಖೆಯು ಎನ್ಐಸಿಯ ನೆರವಿನೊಡನೆ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಕೈಗೊಂಡಿತು. 2000ದ ದಶಕದ ಆರಂಭದ ಹೊತ್ತಿಗೆ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ತಾಲ್ಲೂಕು ಕಚೇರಿಗಳ ಗಣಕಗಳಲ್ಲಿದ್ದವು. 15 ರೂಪಾಯಿ ಕೊಟ್ಟವರಿಗೆ ಮುದ್ರಿತ ಪ್ರತಿ ದೊರೆಯುತ್ತಿತ್ತು. ಎದುರು ನಿಂತ ರೈತನಿಗೂ ಕಾಣುವಂತೆ ಎರಡನೆಯ ಪರದೆಯೊಂದನ್ನು ಅವನ ಕಡೆಗೆ ತಿರುಗಿಸಿ ಇಡಲಾಗಿತ್ತು.

ಇಲ್ಲಿ ಗುಪ್ತಪದ ಸಾಲದೆಂದು ಯೋಜಕರು ಮನಗಂಡರು. ಗುಪ್ತಪದವನ್ನು ಹೇಳಿಕೊಡಬಹುದು, ಸಾಹೇಬರ ಗುಪ್ತಪದ ಗುಮಾಸ್ತನಿಗೆ ಗೊತ್ತಿರುವುದು ನಮ್ಮ ಕಚೇರಿಗಳಲ್ಲಿ ಹೊಸ ಮಾತಲ್ಲ. ಜಮೀನು ಒಬ್ಬರಿಂದ ಮತ್ತೊಬ್ಬರ ಹೆಸರಿಗೆ ತಿರುಗಿಹೋದ ಬಳಿಕ "ಆಗ ನಾನು ಕುರ್ಚಿಯಲ್ಲಿರಲಿಲ್ಲ" ಎಂದು ಹೇಳಲು ಅವಕಾಶವಿರಬಾರದು. ಆದುದರಿಂದ ಬೆರಳಚ್ಚಿನ ಮೂಲಕ ಲಾಗಿನ್ ಆಗುವ ವ್ಯವಸ್ಥೆಯನ್ನು ಜೋಡಿಸಿ, ಒಂದೊಂದು ಸೆಷನ್ನಿನಲ್ಲಿ ಯಾರು ಏನು ಮಾಡಿದರೆಂಬುದರ ದಾಖಲೆಯನ್ನು ಇಡಲಾಯಿತು. ಬಯೋಮೆಟ್ರಿಕ್ ಎಂಬ ಪದ ಲೋಕಕ್ಕೆ ರೂಢಿಯಾಗುವ ಮುನ್ನವೇ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಇದು ನಡೆಯಿತು. ಆದರೆ ಹೆಬ್ಬೆರಳು ಸಾಕ್ಷಿ ಹೇಳುವುದು ಒಳಗೆ ಬಂದ ಕ್ಷಣಕ್ಕೆ ಮಾತ್ರ. ಅಧಿಕಾರಿ ಎದ್ದು ಊಟಕ್ಕೆ ಹೋದರೆ, ತೆರೆದಿರುವ ಸೆಷನ್ನಿನಲ್ಲಿ ಯಾರ ಬೆರಳು ಗುಂಡಿ ಒತ್ತಿದರೂ ದಾಖಲೆಯಲ್ಲಿ ಮೂಡುವುದು ಅಧಿಕಾರಿಯ ಹೆಸರೇ. ಹೊಣೆಗೆ ಅರ್ಥ ಬರಬೇಕಾದರೆ ಸೆಷನ್ನಿಗೆ ಕೊನೆ ಇರಲೇಬೇಕು. ಸ್ಮರಣ ಲೇಖನವನ್ನು ನುಂಗಿದ ನಿಯಮ ಮತ್ತು ರೈತನ ಎರಡು ಎಕರೆಯನ್ನು ಕಾಯುವ ನಿಯಮ ಒಂದೇ ಬೇರಿನವು; ಇದನ್ನು ಒಪ್ಪಿಕೊಂಡ ಮೇಲೆ ನಮ್ಮ ಕೋಪ ಅರ್ಧ ಇಳಿಯಿತು.

2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ತಂತ್ರಜ್ಞರು ಫೈರ್‌ಶೀಪ್ ಎಂಬ ಸಣ್ಣ ಸಾಧನವನ್ನು ಬಿಡುಗಡೆ ಮಾಡಿದರು. ಕಾಫಿ ಅಂಗಡಿಯ ತೆರೆದ ವೈಫೈಯಲ್ಲಿ ಕುಳಿತು ಪಕ್ಕದವರ ಕುಕಿಯನ್ನು ಗಾಳಿಯಿಂದಲೇ ಹಿಡಿದು, ಗುಪ್ತಪದದ ಗೊಡವೆಯಿಲ್ಲದೆ ಅವರ ಸೆಷನ್ನಿನೊಳಗೆ ಕಾಲಿಡಬಹುದೆಂದು ಅದು ತೋರಿಸಿತು. ಟೋಕನ್ ಯಾರ ಕೈಯಲ್ಲಿದೆಯೋ ಚಪ್ಪಲಿ ಅವರದು. ದೊಡ್ಡ ತಾಣಗಳು ಎಲ್ಲ ಪುಟಗಳನ್ನೂ ಎಚ್‌ಟಿಟಿಪಿಎಸ್ ಎಂಬ ಮುಚ್ಚಿದ ಹಾದಿಗೆ ತಂದದ್ದು ಮುಂದಿನ ವರ್ಷಗಳಲ್ಲಿ. ಈ ಕಳವಿನ ಭಯದಿಂದಾಗಿಯೇ ಸೆಷನ್ನಿಗೆ ಎರಡು ಬಗೆಯ ಗಡುವು ಬೇಕೆಂಬ ತಿಳಿವಳಿಕೆ ಬಲವಾಯಿತು: ಸುಮ್ಮನಿದ್ದರೆ ಮುಗಿಯುವ ಗಡುವು ಒಂದು, ಎಷ್ಟೇ ಚಟುವಟಿಕೆಯಿದ್ದರೂ ಮುಗಿಯಲೇಬೇಕಾದ ಗಡುವು ಇನ್ನೊಂದು. ಕದ್ದವನು ಸುಮ್ಮನಿರುವುದಿಲ್ಲವಾದುದರಿಂದ ಮೊದಲನೆಯದು ಅವನನ್ನು ತಡೆಯದು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಮಧ್ಯಮ ದರ್ಜೆಯ ಭದ್ರತೆಗೆ ಸುಮ್ಮನಿರುವ ಅವಧಿ 30 ನಿಮಿಷ, ಒಟ್ಟು ಅವಧಿ 12 ಗಂಟೆ ಎಂದಿತು. ಅತ್ಯುನ್ನತ ದರ್ಜೆಗೆ ಸುಮ್ಮನಿರುವ ಅವಧಿ 15 ನಿಮಿಷ. ಕಾರ್ಡಿನ ವಿವರಗಳನ್ನು ಮುಟ್ಟುವ ವ್ಯವಸ್ಥೆಗಳಿಗೂ ಪಾವತಿ ಉದ್ಯಮದ ನಿಯಮ 15 ನಿಮಿಷವನ್ನೇ ಹೇಳುತ್ತದೆ.

ಬ್ಯಾಂಕಿಗೆ ತಕ್ಕ ಗಡುವನ್ನು ಕವಿತೆಗೂ ಹಾಕುವುದು ನಮ್ಮಂತಹ ತಾಣಗಳ ಅವಿವೇಕ. ಅದರಲ್ಲಿ ನಮ್ಮ ತಂದೆತಾಯಿಯರಿಗೆ ಇನ್ನೊಂದು ಕಷ್ಟ ಸೇರಿಕೊಂಡಿದೆ. ಭಾರತೀಯ ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣವನ್ನು ಕಡ್ಡಾಯ ಮಾಡಿತು. ಒಟಿಪಿ ಎಂಬ ಮೂರಕ್ಷರ ಅಲ್ಲಿಂದೀಚೆಗೆ ಕನ್ನಡದ್ದೇ ಪದವಾಗಿಬಿಟ್ಟಿದೆ. ಕ್ಯಾನಿಂಗ್ ವೇಲ್‌ನ ಊಟದ ಮೇಜಿನ ಮೇಲೆ ಸೆಷನ್ ತೆರೆದಿರುತ್ತದೆ. ಒಟಿಪಿ ಬರುವ ಸಿಮ್ಮು ಮೈಸೂರಿನ ಮನೆಯ ಬೀರುವಿನಲ್ಲಿರುತ್ತದೆ. ನೆರೆಮನೆಯವರಿಗೆ ಫೋನು ಮಾಡಿ, ಅವರು ಕನ್ನಡಕ ಹಾಕಿಕೊಂಡು ಆರು ಅಂಕಿಗಳನ್ನು ಓದಿ ಹೇಳುವಷ್ಟರಲ್ಲಿ ಬಟ್ಟಲು ಮುಳುಗಿರುತ್ತದೆ. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿರುವೆವೆಂದು ತೋರಿಸಬೇಕಾದ ದಿನಗಳಲ್ಲಿ ಇಂತಹ ದೃಶ್ಯ ನಮ್ಮ ಬಡಾವಣೆಯ ಒಂದಲ್ಲ ಒಂದು ಮನೆಯಲ್ಲಿ ನಡೆದೇ ಇರುತ್ತದೆ.

ಬಳಸುವವರ ಪರವಾಗಿ ಈ ಚರಿತ್ರೆಯಲ್ಲಿ ಮಾತನಾಡಿದವರು ಭದ್ರತಾ ತಜ್ಞರಲ್ಲ. ಅಂಗವೈಕಲ್ಯವುಳ್ಳವರ ಹಕ್ಕಿಗಾಗಿ ದುಡಿದವರು. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾವಿರುವ ಈ ದೇಶದಲ್ಲಿಯೇ. ಸಿಡ್ನಿ ಒಲಿಂಪಿಕ್ಸ್‌ನ ಜಾಲತಾಣವನ್ನು ದೃಷ್ಟಿಯಿಲ್ಲದ ತಾವು ಬಳಸಲಾಗುತ್ತಿಲ್ಲವೆಂದು ಬ್ರೂಸ್ ಮ್ಯಾಗ್ವೈರ್ ಅವರು ಸಂಘಟನಾ ಸಮಿತಿಯ ವಿರುದ್ಧ ದೂರು ನೀಡಿದರು. ಮಾನವ ಹಕ್ಕುಗಳ ಆಯೋಗವು 2000ದ ಆಗಸ್ಟಿನಲ್ಲಿ ಅವರ ಪರವಾಗಿ ತೀರ್ಪಿತ್ತಿತು. ಸಮಿತಿಯು ತೀರ್ಪನ್ನು ಪಾಲಿಸದೆ ಹೋದುದರಿಂದ 20,000 ಡಾಲರ್ ಪರಿಹಾರ ಕೊಡಬೇಕಾಯಿತು. ಆ ಮೊಕದ್ದಮೆ ಗಡುವಿನ ಕುರಿತದ್ದಲ್ಲ. ಆದರೆ ಜಾಲತಾಣ ಕಟ್ಟುವವನಿಗೆ ಬಳಸುವವನ ಕಡೆಗೆ ಕಾನೂನಿನ ಹೊಣೆಯುಂಟೆಂಬ ಮಾತನ್ನು ಅದು ಲೋಕಕ್ಕೆ ಕೇಳಿಸಿತು. 2008ರ ಡಿಸೆಂಬರಿನಲ್ಲಿ ಡಬ್ಲ್ಯು3ಸಿ ಪ್ರಕಟಿಸಿದ ಸುಗಮತೆಯ ಮಾರ್ಗಸೂಚಿಯ ಎರಡನೆಯ ಆವೃತ್ತಿಯು ಗಡುವಿನ ವಿಷಯವನ್ನೇ ಕೈಗೆತ್ತಿಕೊಂಡಿತು: ಸಮಯ ಮುಗಿಯುವ ಮುನ್ನ ಎಚ್ಚರಿಸಬೇಕು, ಒಂದು ಗುಂಡಿ ಒತ್ತಿ ವಿಸ್ತರಿಸಿಕೊಳ್ಳಲು ಕಡೆಯಪಕ್ಷ 20 ಸೆಕೆಂಡು ಕೊಡಬೇಕು, ಹೀಗೆ ಹತ್ತು ಸಲವಾದರೂ ವಿಸ್ತರಿಸಲು ಬಿಡಬೇಕು. ಅದರ ಅತ್ಯುನ್ನತ ಶ್ರೇಣಿಯಲ್ಲಿ ಇನ್ನೊಂದು ನಿಯಮವಿದೆ: ಸೆಷನ್ ಮುಗಿದು ಮತ್ತೆ ಲಾಗಿನ್ ಆದವನಿಗೆ ಅವನು ತುಂಬಿದ್ದು ಕಳೆದುಹೋಗದೆ ಮುಂದುವರಿಯಲು ಸಾಧ್ಯವಾಗಬೇಕು. ಇದನ್ನು ಓದಿದಾಗ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ತಾಣವನ್ನು ಕಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ಬರೆದಿಟ್ಟಾಗಿತ್ತು.

ಇದು ಕಷ್ಟಸಾಧ್ಯವೂ ಅಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಬರೆದವರಿಗೆಲ್ಲ ಅನುಭವವಿರುವ ಮಾತು. ನಡುವೆ ಸೆಷನ್ನಿನ ಮಾಹಿತಿ ಕಳೆದುಹೋದರೆ ಮೀಡಿಯಾವಿಕಿ ತಂತ್ರಾಂಶವು ಕ್ಷಮೆ ಕೋರಿ, ಬರೆದ ಪಠ್ಯವನ್ನು ಹಾಗೆಯೇ ಚೌಕದಲ್ಲಿ ಹಿಂದಿರುಗಿಸಿ, ಇನ್ನೊಮ್ಮೆ ಸಲ್ಲಿಸುವಂತೆ ಕೇಳುತ್ತದೆ. ಗುರುತನ್ನು ಮರೆತರೂ ಬರಹವನ್ನು ಮರೆಯುವುದಿಲ್ಲ. ಗುರುತು ಬೇರೆ, ಬರಹ ಬೇರೆ ಎಂಬ ಈ ವಿವೇಕ ನಮಗೆ ಇರಲಿಲ್ಲ. ಎರಡನ್ನೂ ಒಂದೇ ಬಟ್ಟಲಿನಲ್ಲಿ ಇಟ್ಟಿದ್ದೆವು.

ತಿದ್ದುಪಡಿಯ ಚರ್ಚೆ ನಾವೆಣಿಸಿದ್ದಕ್ಕಿಂತ ದೀರ್ಘವಾಯಿತು. 1440ನ್ನು 14400 ಮಾಡಿಬಿಡೋಣವೆಂದರು ಒಬ್ಬರು. ಸದಸ್ಯರ ವಿಳಾಸ, ಮಕ್ಕಳ ವಯಸ್ಸುಗಳಿರುವ ಪುಟಗಳೂ ನಾಲ್ಕು ಗಂಟೆ ತೆರೆದಿರುತ್ತವೆಯೆಂದು ಇನ್ನೊಬ್ಬರು ತಡೆದರು. ಬರಹವನ್ನು ಬ್ರೌಸರಿನಲ್ಲಿಯೇ ಅಡಗಿಸಿಡೋಣವೆಂಬ ಸಲಹೆ ಬಂತು. ಸಾರ್ವಜನಿಕ ಗ್ರಂಥಾಲಯದ ಗಣಕದಲ್ಲಿ ಬರೆಯುವ ಸದಸ್ಯರೂ ಇದ್ದಾರೆ, ಒಬ್ಬರ ಶೋಕದ ಮಾತನ್ನು ಮುಂದೆ ಕುಳಿತವರು ಓದುವಂತಾಗಬಾರದೆಂದು ಅದನ್ನೂ ಕೈಬಿಟ್ಟೆವು. ಕೊನೆಗೆ ಒಪ್ಪಿದ್ದು ಹೀಗೆ. ಬರೆಯುವ ಪುಟವು ಎರಡು ನಿಮಿಷಕ್ಕೊಮ್ಮೆ ಕರಡನ್ನು ಸದಸ್ಯರ ಹೆಸರಿನಲ್ಲಿ ಸರ್ವರಿಗೆ ತಲುಪಿಸುತ್ತದೆ. ಬರೆಯುತ್ತಿರುವಷ್ಟು ಹೊತ್ತು ಸೆಷನ್ ಜೀವದಿಂದಿರುತ್ತದೆ, ಹನ್ನೆರಡು ಗಂಟೆಗೆ ಮಾತ್ರ ಕಡ್ಡಾಯವಾಗಿ ಮುಗಿಯುತ್ತದೆ. ಸದಸ್ಯರ ವಿವರದ ಪುಟಗಳಿಗೆ ಬಂದರೆ 20 ನಿಮಿಷ, ಅದಕ್ಕೆ ಮುನ್ನ ಕನ್ನಡದಲ್ಲಿ ಒಂದು ಎಚ್ಚರಿಕೆ. ಎಚ್ಚರಿಕೆಯ ವಾಕ್ಯವನ್ನು ಹೇಗೆ ಬರೆಯಬೇಕೆಂಬುದರ ಮೇಲೆ ಎರಡು ಸಭೆಗಳು ನಡೆದವು. "ನಿಮ್ಮ ಸೆಷನ್ ಅವಧಿ ಮುಕ್ತಾಯಗೊಳ್ಳಲಿದೆ" ಎಂಬುದು ನೋಟೀಸಿನಂತಿದೆಯೆಂದು ಬಿಟ್ಟು, "ಇನ್ನೂ ಇದ್ದೀರಾ?" ಎಂದಷ್ಟೇ ಇಟ್ಟಿದ್ದೇವೆ.

ಆ ಹಿರಿಯರು ಎರಡನೆಯ ಸಲ ಗಣಕದ ಮುಂದೆ ಕೂರಲೊಪ್ಪಲಿಲ್ಲ. ರೂಲು ಹಾಕಿದ ಹಾಳೆಗಳ ಮೇಲೆ ಲೇಖನಿಯಿಂದ ಬರೆದು ಕೊಟ್ಟರು. ನಾವು ಟೈಪು ಮಾಡಿದೆವು. ಅದು ಹಿಂದಿನ ಸಂಚಿಕೆಯಲ್ಲಿ ಪ್ರಕಟವಾಗಿದೆ, ನೀವು ಓದಿರುತ್ತೀರಿ. ಮೊದಲು ಬರೆದಿದ್ದರಲ್ಲಿ ಹಾಸನದ ಬಸ್ ನಿಲ್ದಾಣದ ಒಂದು ಪ್ರಸಂಗವಿತ್ತಂತೆ. ಆ ಮಾತುಗಳು ಅಂದು ತಾವಾಗಿ ಬಂದಿದ್ದವು, ಈ ಸಲ ಬರಲಿಲ್ಲವೆಂದು ಹಾಳೆಗಳನ್ನು ಕೊಡುವಾಗ ಹೇಳಿದರು.

ದೀಪಾವಳಿ ಸಂಚಿಕೆಗೆ ಬರೆಯುವವರಿಗೆ ಹೊಸ ಪುಟ ತೆರೆದಿದೆ. ಕರಡು ಉಳಿದ ಸಮಯವು ಚೌಕದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಕಾಣುತ್ತಿರುತ್ತದೆ, ಪರ್ತ್ ಕಾಲದಲ್ಲಿ. ಕೈಬರಹದ ಹಾಳೆಗಳನ್ನೂ ಸ್ವೀಕರಿಸುತ್ತೇವೆ.